ಹೆಸರಿಲ್ಲದ ಜಾಝ್ ಟ್ರ್ಯಾಕ್‌ಗಳು: ನುಡಿಸಿದವರು ಯಾರು ಅಂತ ಕಿವಿಯಲ್ಲೇ ಹಿಡಿಯುವುದು ಹೇಗೆ?

ನಿಟ್ಟುವಳ್ಳಿ_ಕೇಳುಗ:

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ. ನಾನು ಹಿಂದೂಸ್ತಾನಿ ಕೇಳಿಕೊಂಡು ಬೆಳೆದವನು, ಜಾಝ್ ಹೊಸತು. ಪರಿಚಯದ ಹಿರಿಯರೊಬ್ಬರು ತಮ್ಮ ಹಳೇ ಕ್ಯಾಸೆಟ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಸಿ ಕೊಟ್ಟಿದ್ದಾರೆ. ಫೈಲ್‌ಗಳಿಗೆ ಹೆಸರಿಲ್ಲ, ಬರೀ ನಂಬರ್. ಯಾರು ನುಡಿಸಿದ್ದು ಅಂತ ಕೇಳಿದರೆ "ನಾನು ಹೇಳಲ್ಲ, ಕೇಳಿ ನೀನೇ ಹೇಳು" ಅಂತಾರೆ. ಅವರ ಹತ್ರ ಉತ್ತರ ಇದೆ, ಬೇಕಂತಲೇ ಕೊಡುತ್ತಿಲ್ಲ. ಫೋನ್ ಹಿಡಿದರೆ ಹೆಸರು ತೋರಿಸುವ ಆಪ್ ಇದೆ ಅಂತ ದಯವಿಟ್ಟು ಹೇಳಬೇಡಿ. ಅದು ಗೊತ್ತು. ಅದು ಬೇಡ ಅಂತಲೇ ಇಲ್ಲಿ ಕೇಳುತ್ತಿದ್ದೇನೆ.

ಸದ್ಯ ನಾಲ್ಕು ಟ್ರ್ಯಾಕ್ ತಲೆ ತಿನ್ನುತ್ತಿವೆ.

ಒಂದನೆಯದು ತುಂಬಾ ನಿಧಾನ. ದಪ್ಪ ದನಿಯ ಸ್ಯಾಕ್ಸೊಫೋನ್, ಹಿಂದೆ ಪಿಯಾನೊ, ಬಾಸ್, ಮೆತ್ತಗೆ ಉಜ್ಜಿದ ಹಾಗೆ ಡ್ರಮ್ಸ್. ಆರು ನಿಮಿಷದ ಹತ್ತಿರ ಇದೆ. ಸ್ವರ ಮುಗಿದ ಮೇಲೂ ಬರೀ ಗಾಳಿ ಸ್ವಲ್ಪ ಹೊತ್ತು ಕೇಳಿಸುತ್ತದೆ. ಕೋಲ್ಟ್ರೇನ್ ಇರಬಹುದಾ? (ನನಗೆ ಗೊತ್ತಿರುವ ಸ್ಯಾಕ್ಸ್ ಹೆಸರುಗಳೇ ಕಡಿಮೆ.)

ಎರಡನೆಯದು ಬಾಯಿಗೆ ಏನೋ ಅಡ್ಡ ಇಟ್ಟು ಊದಿದ ಟ್ರಂಪೆಟ್. ಮೈಲ್ಸ್ ಡೇವಿಸ್ ಅಂದುಕೊಂಡಿದ್ದೇನೆ. ಆದರೆ ನಿಜ ಹೇಳಬೇಕೆಂದರೆ ನನಗೆ ಬೋರ್ ಆಯಿತು. ಒಂದೇ ಸ್ವರವನ್ನು ಬಗ್ಗಿಸಿ ಬಗ್ಗಿಸಿ ಮತ್ತೆ ಮತ್ತೆ ಊದುತ್ತಾರೆ.

ಮೂರನೆಯದರಲ್ಲಿ ಡ್ರಮ್ಸೇ ಇಲ್ಲ. ಗಿಟಾರ್, ಪಿಟೀಲು, ಮೂರು ನಿಮಿಷಕ್ಕೆ ಮುಗಿದೇ ಹೋಗುತ್ತದೆ. ಮೇಲೆ ಕರಕರ ಸದ್ದು.

ನಾಲ್ಕನೆಯದು ಸಣ್ಣ ದನಿಯ ಸ್ಯಾಕ್ಸ್, ಸಿಕ್ಕಾಪಟ್ಟೆ ವೇಗ, ಜನ ಮಾತಾಡುವುದು, ಗ್ಲಾಸಿನ ಸದ್ದು ಎಲ್ಲ ಇದೆ. ಅರ್ಧದಿಂದಲೇ ಶುರುವಾಗುತ್ತದೆ, ಅರ್ಧಕ್ಕೇ ನಿಲ್ಲುತ್ತದೆ. ದನಿ ಯಾಕೋ ಕಿರುಚಿದ ಹಾಗಿದೆ. ಚಾರ್ಲಿ ಪಾರ್ಕರ್?

ಮನ್ಸೂರರೋ ಭೀಮಸೇನ ಜೋಶಿಯವರೋ ಅಂತ ಆಕಾರ ಹಿಡಿದ ತಕ್ಷಣ ನಾನು ಹೇಳಬಲ್ಲೆ. ಬಸವರಾಜ ರಾಜಗುರು ಅವರನ್ನೂ ಹಿಡಿಯುತ್ತೇನೆ. ಜಾಝ್‌ನಲ್ಲಿ ಎಲ್ಲರೂ ಒಂದೇ ಥರ ಕೇಳಿಸುತ್ತಾರೆ. ಎಲ್ಲಿಂದ ಶುರು ಮಾಡಬೇಕು?

ಬ್ಯಾಂಡ್‌ಸೆಟ್_ಕ್ಲಾರಿನೆಟ್:

ಸರ್, ನಾನೂ ದಾವಣಗೆರೆಯವನೇ, ಮದುವೆ ಮೆರವಣಿಗೆಯಲ್ಲಿ ಕ್ಲಾರಿನೆಟ್ ನುಡಿಸುವವನು. ಜಾಝ್ ಬಗ್ಗೆ ಪುಸ್ತಕ ಓದಿಲ್ಲ, ಊದುವವನ ಕಿವಿಯಿಂದ ನಾಲ್ಕು ಮಾತು ಹೇಳುತ್ತೇನೆ.

ಹೆಸರು ಆಮೇಲೆ. ಮೊದಲು ವಾದ್ಯ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ. ನೀವು ದಪ್ಪ ದನಿ ಅಂದದ್ದು ಟೆನರ್ ಸ್ಯಾಕ್ಸ್, ಸಣ್ಣ ದನಿ ಅಂದದ್ದು ಆಲ್ಟೋ. ನಮ್ಮ ಕದ್ರಿ ಗೋಪಾಲನಾಥರು ನುಡಿಸುತ್ತಿದ್ದದ್ದು ಆಲ್ಟೋ. ಅವರ ದನಿ ನಿಮ್ಮ ಕಿವಿಯಲ್ಲಿ ಇದ್ದೇ ಇರುತ್ತದೆ, ಅದನ್ನೇ ಅಳತೆಗೆ ಇಟ್ಟುಕೊಳ್ಳಿ. 2008ರಲ್ಲಿ ಅವರು ಅಮೆರಿಕದ ರುದ್ರೇಶ್ ಮಹಾಂತಪ್ಪ ಜೊತೆ 'ಕಿನ್ಸ್‌ಮೆನ್' ಅಂತ ಆಲ್ಬಮ್ ಮಾಡಿದ್ದಾರೆ. ಇಬ್ಬರದ್ದೂ ಆಲ್ಟೋನೇ. ಕಣ್ಣು ಮುಚ್ಚಿಕೊಂಡು ಇದು ಅವರದು, ಇದು ಇವರದು ಅಂತ ಬೇರೆ ಮಾಡಿ ನೋಡಿ. ವಾದ್ಯ ಒಂದೇ ಆದರೂ ಗಮಕದಲ್ಲಿ, ಸ್ವರ ಶುರು ಮಾಡುವ ರೀತಿಯಲ್ಲಿ, ಉಸಿರು ತಗೊಳ್ಳುವ ಜಾಗದಲ್ಲಿ ಎಷ್ಟು ವ್ಯತ್ಯಾಸ ಅಂತ ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆ ಅಭ್ಯಾಸ ನಮ್ಮ ಕಡೆಯವರಿಗೆ ಸಿಗಲ್ಲ.

ಇನ್ನು ನಾಲ್ಕನೇ ಟ್ರ್ಯಾಕ್. ದನಿ ಕಿರುಚುತ್ತದೆ ಅಂದಿರಲ್ಲ, ನನಗೆ ಕ್ಯಾಸೆಟ್ ಮೇಲೇ ಅನುಮಾನ. ಟೇಪ್ ಜೋರಾಗಿ ಓಡಿದರೆ ವೇಗವೂ ಏರುತ್ತದೆ, ಶ್ರುತಿಯೂ ಏರುತ್ತದೆ, ದನಿ ತೆಳ್ಳಗಾಗುತ್ತದೆ. ಅರ್ಧ ಸ್ವರ ಏರಲು ಹೆಚ್ಚುಕಡಿಮೆ ಶೇ. 6ರಷ್ಟು ವೇಗ ಜಾಸ್ತಿಯಾದರೆ ಸಾಕು. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಷಡ್ಜ ಎಲ್ಲಿ ನಿಲ್ಲುತ್ತದೆ ಅಂತ ಹುಡುಕಿ. ಟ್ರಂಪೆಟ್, ಟೆನರ್ ಎಲ್ಲ ಬಿ ಫ್ಲಾಟ್ ವಾದ್ಯ, ಆಲ್ಟೋ ಇ ಫ್ಲಾಟ್. ಹಾಗಾಗಿ ಜಾಝ್‌ನವರು ಜಾಸ್ತಿ ನುಡಿಸುವುದು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಬಿಳಿ ನಾಲ್ಕು, ಕಪ್ಪು ಐದು (ಬಿ ಫ್ಲಾಟ್), ಕಪ್ಪು ಎರಡು (ಇ ಫ್ಲಾಟ್), ಈ ಶ್ರುತಿಗಳಲ್ಲಿ. ಬಿಳಿ ಏಳರಲ್ಲೋ ಕಪ್ಪು ಮೂರರಲ್ಲೋ ಬಂದರೆ ಕಲಾವಿದನಿಗಿಂತ ಮೊದಲು ಟೇಪ್ ಮೇಲೆ ಅನುಮಾನ ಪಡಿ.

ಎರಡನೆಯದರಲ್ಲಿ ಬಾಯಿಗೆ ಅಡ್ಡ ಇಟ್ಟದ್ದಕ್ಕೆ ಮ್ಯೂಟ್ ಅಂತಾರೆ. ಅದರಲ್ಲೂ ಬೇರೆ ಬೇರೆ ಬಗೆ ಇವೆ. ದನಿ ಬಟ್ಟೆ ಮುಚ್ಚಿದ ಹಾಗೆ ಮೆತ್ತಗಿದೆಯೋ, ತಗಡಿನ ಹಾಗೆ ಝುಂಯ್ ಅನ್ನುತ್ತದೆಯೋ ಅದನ್ನು ಮೊದಲು ಹೇಳಿ.

ದುರ್ಗದ_ಗಾಳಿ:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಟೇಪ್ ವೇಗದ ವಿಷಯವಂತೂ ಯಾರೂ ಗಮನ ಕೊಡಲ್ಲ. ಮೈಲ್ಸ್ ಡೇವಿಸ್ 1959ರಲ್ಲಿ ಮಾಡಿದ 'ಕೈಂಡ್ ಆಫ್ ಬ್ಲೂ' ಗೊತ್ತಲ್ವಾ, ಅದರ ಮೊದಲ ಬದಿ ರೆಕಾರ್ಡ್ ಮಾಡುವಾಗ ಯಂತ್ರ ಸ್ವಲ್ಪ ನಿಧಾನ ಓಡುತ್ತಿತ್ತು. ಅದನ್ನು ಸರಿ ವೇಗದಲ್ಲಿ ನುಡಿಸಿದಾಗ ಶ್ರುತಿ ಒಂಚೂರು ಏರಿಯೇ ಕೇಳಿಸುತ್ತಿತ್ತು. ಸರಿ ಮಾಡಿದ ಸಿಡಿ ಬಂದದ್ದು 1992ರಲ್ಲಿ. ಅಲ್ಲಿಯ ತನಕ ಜಗತ್ತೆಲ್ಲ ಏರಿದ ಶ್ರುತಿಯನ್ನೇ ಕೇಳಿತು. ಅಂಥ ಕಂಪನಿಯ ರೆಕಾರ್ಡೇ ಹಾಗಾದರೆ ನಮ್ಮ ಕ್ಯಾಸೆಟ್‌ಗಳ ಗತಿ ಏನು ಹೇಳಿ.

ನಾನು ಕೇಳುವ ಕ್ರಮ ಹೇಳುತ್ತೇನೆ. ಎಲ್ಲರೂ ಸೋಲೋ ನುಡಿಸುವವನ ಮೇಲೆ ಬೀಳುತ್ತಾರೆ. ನಾನು ಅವನನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಯಾಕೆಂದರೆ ದೊಡ್ಡ ಸೋಲೋ ಕಲಾವಿದನಿಗೆ ನಕಲು ಮಾಡುವವರು ಜಾಸ್ತಿ. ಟೆನರ್ ಸ್ಯಾಕ್ಸ್ ನುಡಿಸುತ್ತಿದ್ದ ಲೆಸ್ಟರ್ ಯಂಗ್‌ಗೆ 'ಪ್ರೆಸ್' ಅಂದರೆ ಅಧ್ಯಕ್ಷ ಅಂತ ಅಡ್ಡಹೆಸರು, ಅವನ ಹಾಗೇ ನುಡಿಸುತ್ತಿದ್ದ ಪಾಲ್ ಕ್ವಿನಿಶೆಟ್‌ಗೆ 'ವೈಸ್ ಪ್ರೆಸ್' ಅಂತಲೇ ಹೆಸರು ಬಿತ್ತು, ಅಂದರೆ ಉಪಾಧ್ಯಕ್ಷ! ಹೀಗಿರುವಾಗ ಬರೀ ದನಿ ಕೇಳಿ ಹೆಸರು ಹೇಳಿದರೆ ಅರ್ಧ ಸಲ ಉಪಾಧ್ಯಕ್ಷನೇ ಸಿಗುವುದು.

ಮೊದಲು ಕಾಲ ಹಿಡಿಯಿರಿ. ಹಳೇ 78 ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಮೂರು ನಿಮಿಷದ ಆಸುಪಾಸು ಮಾತ್ರ ಹಿಡಿಯುತ್ತಿತ್ತು. ಎಲ್‌ಪಿ ಅಂದರೆ ಜಾಸ್ತಿ ಹೊತ್ತು ನುಡಿಯುವ ತಟ್ಟೆ, ಬಂದದ್ದು 1948ರಲ್ಲಿ. ಸ್ಟುಡಿಯೊ ಟ್ರ್ಯಾಕ್ ಆರು ನಿಮಿಷ ಇದ್ದರೆ ಬಹುಪಾಲು ಎಲ್‌ಪಿ ಕಾಲದ್ದೇ. ಸ್ಟೀರಿಯೊ ಎಲ್‌ಪಿ ಅಂಗಡಿಗೆ ಬಂದದ್ದು 1957–58ರ ಹೊತ್ತಿಗೆ. ನಿಮ್ಮ ಒಂದನೇ ಟ್ರ್ಯಾಕನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ, ಎಡಗಿವಿಗೊಂದು ಬಲಗಿವಿಗೊಂದು ಬರುತ್ತದಾ ನೋಡಿ.

ಆಮೇಲೆ ಡ್ರಮ್ಸ್. ಡ್ರಮ್ಮರ್‌ಗಳು ಬಹಳ ಬೇಗ ಸಿಕ್ಕಿಬೀಳುತ್ತಾರೆ ಸರ್. ಆರ್ಟ್ ಬ್ಲೇಕಿ ಎರಡನೇ ಮತ್ತು ನಾಲ್ಕನೇ ಬೀಟಿಗೆ ಹೈಹ್ಯಾಟ್ (ಕಾಲಲ್ಲಿ ಒತ್ತುವ ಜೋಡಿ ತಾಳ) ಮುಚ್ಚುವ ಜೋರು ಇದೆಯಲ್ಲ, ಅದು ಬಾಗಿಲು ಹಾಕಿಕೊಂಡರೂ ಕೇಳುತ್ತದೆ. ಸೋಲೋ ಬದಲಾಗುವ ಹೊತ್ತಿಗೆ ಅವನ ಉರುಳು ಏಟು ಏರಿ ಬರುತ್ತದೆ. ಫಿಲಿ ಜೋ ಜೋನ್ಸ್ ನಾಲ್ಕನೇ ಬೀಟಿಗೆ ಕಡ್ಡಿ ಅಡ್ಡ ಹಾಕಿ ಟಕ್ ಅನ್ನಿಸುತ್ತಾನೆ. ಎಲ್ವಿನ್ ಜೋನ್ಸ್ ಎಲ್ಲವನ್ನೂ ಮೂರು ಮೂರಾಗಿ ಉರುಳಿಸುತ್ತಾನೆ, ಬೀಟ್ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಮುಂದೆ ಹೋಗಿರುತ್ತಾನೆ. ತಬಲಾ ಕೇಳಿದವರಿಗೆ ಇದು ಕಷ್ಟವಲ್ಲ, ನಿಮ್ಮ ಕಿವಿ ಈಗಾಗಲೇ ತಯಾರಿದೆ.

ಪಿಯಾನೊ ಅವರಲ್ಲಿ ಕೆಲವರನ್ನು ಬೆರಳಿಗಿಂತ ಗಂಟಲಿನಿಂದಲೇ ಹಿಡಿಯಬಹುದು. ಬಡ್ ಪವೆಲ್ ನುಡಿಸುತ್ತಾ ನರಳುತ್ತಾನೆ, ಕೀತ್ ಜ್ಯಾರೆಟ್ ಅಂತೂ ಜೊತೆಗೆ ಹಾಡಿಯೇ ಬಿಡುತ್ತಾನೆ. ಎರೊಲ್ ಗಾರ್ನರ್ ಎಡಗೈ ಗಿಟಾರ್ ಮೀಟಿದ ಹಾಗೆ ಸರಿಯಾಗಿ ನಡೆಯುತ್ತಿದ್ದರೆ ಬಲಗೈ ಒಂದು ಹೆಜ್ಜೆ ಹಿಂದೆ ಬರುತ್ತದೆ. ಥೆಲೋನಿಯಸ್ ಮಂಕ್ ಬಗ್ಗೆ ಹೇಳುವುದೇ ಬೇಡ. ಪಕ್ಕ ಪಕ್ಕದ ಎರಡು ಮನೆ ಒಟ್ಟಿಗೆ ಒತ್ತಿ, ಆಮೇಲೆ ಸುಮ್ನೆ ಕೂತುಬಿಡುತ್ತಾನೆ. ಬಾಸ್‌ನಲ್ಲಿ ಕಮಾನು ಹಾಕಿ ಸೋಲೋ ಬಂದು, ಅದರ ಜೊತೆಗೇ ಮೇಲಿನ ಸಪ್ತಕದಲ್ಲಿ ಯಾರೋ ಗುನುಗುತ್ತಿದ್ದರೆ ಸ್ಲ್ಯಾಮ್ ಸ್ಟುವರ್ಟ್.

ಈಗ ನಿಮ್ಮ ಟ್ರ್ಯಾಕ್‌ಗಳು. ಮೂರನೆಯದು ಕೇಳದೇ ಹೇಳಬಹುದು. ಡ್ರಮ್ಸ್ ಇಲ್ಲ, ಪಿಯಾನೊ ಇಲ್ಲ, ಪಿಟೀಲು, ಹಿಂದೆ ಇನ್ನೂ ಗಿಟಾರ್‌ಗಳು, ಬಾಸ್, ಮೂರು ನಿಮಿಷ: 1934ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಹಾಟ್ ಕ್ಲಬ್ ಪಂಚವಾದ್ಯ ತಂಡ. ಗಿಟಾರ್ ಜ್ಯಾಂಗೊ ರೈನ್‌ಹಾರ್ಟ್, ಪಿಟೀಲು ಸ್ಟೆಫಾನ್ ಗ್ರಪೆಲಿ. 1928ರಲ್ಲಿ ವಾಸದ ಗಾಡಿಗೆ ಬೆಂಕಿ ಬಿದ್ದು ಜ್ಯಾಂಗೊನ ಎಡಗೈಯ ಎರಡು ಬೆರಳು ಮುರುಟಿಹೋದವು. ನೀವು ಕೇಳುವ ಆ ಓಟವೆಲ್ಲ ಉಳಿದ ಎರಡು ಬೆರಳಿನದು. ಈ ಧಾಟಿಯಲ್ಲಿ ಇವತ್ತೂ ನುಡಿಸುವ ತಂಡಗಳಿವೆ. ಆದರೆ ಕರಕರ ಸದ್ದು ಇದೆ ಅಂದಿರಿ, ಹಾಗಾಗಿ ಮೂಲದ್ದೇ ಇರಬೇಕು.

ಒಂದನೆಯದು ಕೋಲ್ಟ್ರೇನ್ ಅಲ್ಲ. ಕೋಲ್ಟ್ರೇನ್ ನಿಧಾನದ ಹಾಡಿನಲ್ಲೂ ಸ್ವರವನ್ನು ಗಟ್ಟಿಯಾಗಿ, ನೇರವಾಗಿ ಹಿಡಿಯುತ್ತಾನೆ, ಕಂಪನ ತೀರಾ ಕಡಿಮೆ, ಸ್ವರ ಚೊಕ್ಕಟವಾಗಿ ಮುಗಿಯುತ್ತದೆ. ಗಾಳಿ ಉಳಿಯುವುದು ಬೆನ್ ವೆಬ್‌ಸ್ಟರ್ ಗುರುತು. ಡ್ಯೂಕ್ ಎಲಿಂಗ್ಟನ್ ತಂಡದಲ್ಲಿ ಹೆಸರು ಮಾಡಿದವನು, ತೀರಿಕೊಂಡದ್ದು 1973ರಲ್ಲಿ. ಆದರೆ ಸ್ಕಾಟ್ ಹ್ಯಾಮಿಲ್ಟನ್ ಅಂತ ಆಮೇಲೆ ಬಂದವನೊಬ್ಬ ಅದೇ ದಾರಿಯಲ್ಲಿ ನುಡಿಸುತ್ತಾನೆ, ಅವನ ರೆಕಾರ್ಡ್‌ಗಳು ಶುರುವಾಗುವುದೇ 1970ರ ದಶಕದ ಕೊನೆಯಲ್ಲಿ. ಅದಕ್ಕೇ ಹೆಡ್‌ಫೋನ್ ಹಾಕಿ ನೋಡಿ ಅಂದದ್ದು.

ಪಿಬಿ_ರೋಡ್:

ಎಲ್ಲ ಸರಿ, ಆದರೆ ಇಷ್ಟೆಲ್ಲ ಯಾಕೆ? ದೋಸೆ ಯಾವ ಹೋಟೆಲ್ಲಿನದು ಅಂತ ಹೇಳುವುದು ಬೇರೆ, ಚೆನ್ನಾಗಿದೆಯಾ ಇಲ್ಲವಾ ಅಂತ ಹೇಳುವುದು ಬೇರೆ. ಕೇಳುಗರು ಎರಡನೇ ಟ್ರ್ಯಾಕ್ ಬೋರ್ ಆಯಿತು ಅಂದಿದ್ದಾರೆ. ಇಡೀ ಚರ್ಚೆಯಲ್ಲಿ ನನಗೆ ಇಷ್ಟವಾದದ್ದು ಆ ಒಂದು ಮಾತು. ಅದಕ್ಕೆ ಮಾತ್ರ ಯಾರೂ ಉತ್ತರ ಕೊಟ್ಟಿಲ್ಲ.

ಈ ಕಣ್ಣು ಕಟ್ಟಿ ಕೇಳಿಸುವ ಪರೀಕ್ಷೆಯನ್ನು ಪತ್ರಿಕೆಯಲ್ಲಿ ಶುರು ಮಾಡಿದ್ದು ಜಾಝ್ ವಿಮರ್ಶಕ ಲಿಯೊನಾರ್ಡ್ ಫೆದರ್. 1940ರ ದಶಕದಲ್ಲಿ 'ಮೆಟ್ರೊನೋಮ್' ಪತ್ರಿಕೆಯಲ್ಲಿ, ಆಮೇಲೆ 'ಡೌನ್‌ಬೀಟ್'ನಲ್ಲಿ. ಕಲಾವಿದರನ್ನೇ ಕೂರಿಸಿ, ಹೆಸರು ಹೇಳದೆ ರೆಕಾರ್ಡ್ ಹಾಕಿ, ಯಾರು ಅಂತಲೂ ಕೇಳುವುದು, ಹೇಗಿದೆ ಅಂತಲೂ ಕೇಳುವುದು. ಎರಡನೆಯದೇ ಮುಖ್ಯ. ಹೆಸರು ಕಂಡರೆ ನಾಲಿಗೆ ಹಿಡಿತಕ್ಕೆ ಬರುತ್ತದೆ, ಕಾಣದಿದ್ದರೆ ನಿಜ ಹೊರಗೆ ಬರುತ್ತದೆ.

ಟ್ರಂಪೆಟ್ ವಾದಕ ರಾಯ್ ಎಲ್ಡ್ರಿಜ್ ಕಥೆ ಕೇಳಿದ್ದೀರಾ? ನುಡಿಸುವವನು ಕರಿಯನೋ ಬಿಳಿಯನೋ ಕೇಳಿಯೇ ಹೇಳುತ್ತೇನೆ ಅಂತ ಅವನು ಫೆದರ್ ಜೊತೆ ಪಂತ ಕಟ್ಟಿದ. 1951ರಲ್ಲಿ ಪರೀಕ್ಷೆ ಆಯಿತು. ಹೇಳಿದ್ದರಲ್ಲಿ ಬಹಳಷ್ಟು ತಪ್ಪಾಯಿತು, ಸೋತೆ ಅಂತ ಒಪ್ಪಿಕೊಂಡ. ಅವನು ಸಾಮಾನ್ಯ ಕಿವಿಯವನಲ್ಲ, ಆ ಕಾಲದ ದೊಡ್ಡ ಟ್ರಂಪೆಟ್ ವಾದಕರಲ್ಲಿ ಒಬ್ಬ. ಕಿವಿ ಕೇಳುವುದಕ್ಕಿಂತ ಮೊದಲೇ ತಲೆ ತೀರ್ಮಾನ ಮಾಡಿಬಿಟ್ಟಿರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ. ಮೈಲ್ಸ್ ಡೇವಿಸ್ ಕೂಡ 1964ರಲ್ಲಿ ಇದೇ ಪರೀಕ್ಷೆಯಲ್ಲಿ ಸ್ಯಾಕ್ಸ್ ವಾದಕ ಎರಿಕ್ ಡಾಲ್ಫಿಯನ್ನು ಚೆನ್ನಾಗಿ ಬೈದಿದ್ದಾನೆ. ಇವತ್ತು ಡಾಲ್ಫಿಯನ್ನು ತಲೆ ಮೇಲೆ ಹೊತ್ತು ಮೆರೆಸುವವರು ಅದನ್ನು ಓದಿದರೆ ಬೇಜಾರು ಮಾಡಿಕೊಳ್ಳುತ್ತಾರೆ, ಆದರೆ ಅವನು ಕೇಳಿದ್ದನ್ನು ಹೇಳಿದ ಅಷ್ಟೇ.

ಹಾಗಾಗಿ ಕೇಳುಗರೇ, ಅದು ಮೈಲ್ಸ್ ಅಂತ ಆಮೇಲೆ ಗೊತ್ತಾದರೂ ಬೋರ್ ಅನ್ನುವುದನ್ನು ವಾಪಸ್ ತಗೊಳ್ಳಬೇಡಿ. ಯಾಕೆ ಬೋರ್ ಅಂತ ಮಾತ್ರ ಹೇಳಿ.

ನಿಟ್ಟುವಳ್ಳಿ_ಕೇಳುಗ:

ಯಪ್ಪಾ, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಊಟ ಆದ ಮೇಲೆ ಹಾರ್ಮೋನಿಯಂ ತೆಗೆದುಕೊಂಡು ಕೂತೆ.

ನಾಲ್ಕನೆಯದರ ಷಡ್ಜ ಸರಿಯಾಗಿ ಬಿಳಿ ಏಳಕ್ಕೆ ನಿಲ್ಲುತ್ತಿದೆ! ಕ್ಲಾರಿನೆಟ್ ಅಣ್ಣನಿಗೆ ದೊಡ್ಡ ನಮಸ್ಕಾರ. ಲ್ಯಾಪ್‌ಟಾಪ್‌ನಲ್ಲಿ ವೇಗ ಇಳಿಸಿ ಕಪ್ಪು ಐದಕ್ಕೆ ತಂದೆ. ಈಗ ದನಿ ದುಂಡಗಾಗಿದೆ, ಕಿರುಚಾಟ ಹೋಗಿದೆ. ಮಾತಾಡುವ ಜನರ ದನಿ ಕೂಡ ಮನುಷ್ಯರ ಥರ ಆಗಿದೆ, ಮೊದಲು ಅದನ್ನು ನಾನು ಗಮನಿಸಿಯೇ ಇರಲಿಲ್ಲ. ವೇಗ ಈಗಲೂ ಭಯಂಕರ.

ಒಂದನೆಯದು: ಸ್ಯಾಕ್ಸ್ ಪೂರ್ತಿ ಎಡಕ್ಕೆ, ಡ್ರಮ್ಸ್ ಪೂರ್ತಿ ಬಲಕ್ಕೆ.

ಎರಡನೆಯದು ತಗಡಿನ ದನಿ, ಝುಂಯ್ ಅನ್ನುತ್ತದೆ. ಯಾಕೆ ಬೋರ್ ಅಂತ ಯೋಚಿಸಿದೆ. ಟ್ರಂಪೆಟ್‌ನವರು ಏನೋ ಹೇಳಲು ಶುರು ಮಾಡಿ ಅಲ್ಲೇ ಬಿಡುತ್ತಾರೆ. ಚಿಕ್ಕ ಚಿಕ್ಕ ತುಣುಕು. ನಮ್ಮ ಗಾಯನದಲ್ಲಿ ಬಡತ್ ಅಂತ ಇದೆಯಲ್ಲ, ಒಂದು ಸ್ವರದಿಂದ ಮುಂದಿನದಕ್ಕೆ ಬೆಳೆಸಿಕೊಂಡು ಹೋಗುವುದು, ನಾನು ಅದನ್ನೇ ಕಾಯುತ್ತಾ ಇದ್ದೆ. ಅದು ಬರಲೇ ಇಲ್ಲ. ಆದರೆ ಈ ಸಲ ಹಿಂದಿನ ತಾಳದ ಕಡೆ ಕಿವಿ ಇಟ್ಟು ಕೇಳಿದಾಗ ಕಾಲು ತಾನಾಗಿ ಕುಣಿಯಿತು, ಅದನ್ನೂ ಹೇಳಬೇಕು.

ದುರ್ಗದ_ಗಾಳಿ:

ಬಹಳ ಚೆನ್ನಾಗಿ ಕೇಳಿದ್ದೀರಿ. ಹಾಗಾದರೆ ಎರಡನೆಯದು ಮೈಲ್ಸ್ ಇರಲಿಕ್ಕಿಲ್ಲ. ತಗಡಿನ ದನಿಯ ಆ ಮ್ಯೂಟ್ ಹೆಸರು ಹಾರ್ಮನ್. ಮೈಲ್ಸ್ ಅದರ ನಡುವಿನ ನಳಿಗೆ ತೆಗೆದು, ಮೈಕಿಗೆ ಅಂಟಿಕೊಂಡು ಊದುತ್ತಿದ್ದ, ಹಾಗಾಗಿ ಜನ ಅದನ್ನು ಅವನದೇ ಅಂದುಕೊಳ್ಳುತ್ತಾರೆ. ಆದರೆ ಮೈಲ್ಸ್ ಸ್ವರ ಬಗ್ಗಿಸುತ್ತಾ ಆಟ ಆಡುವವನಲ್ಲ. ಉದ್ದ ಎಳೆಯುತ್ತಾನೆ, ನಡುವೆ ದೊಡ್ಡ ಜಾಗ ಬಿಡುತ್ತಾನೆ. ಒಂದೇ ಸ್ವರವನ್ನು ಕೆಣಕಿ ಕೆಣಕಿ, ಚುಟುಕಾಗಿ, ಸ್ವಲ್ಪ ತಮಾಷೆಯಾಗಿ ಊದುವವನು ಹ್ಯಾರಿ ಎಡಿಸನ್, 'ಸ್ವೀಟ್ಸ್' ಅಂತ ಕರೆಯುತ್ತಿದ್ದರು. ಕೌಂಟ್ ಬೇಸಿ ತಂಡದವನು. ಫ್ರಾಂಕ್ ಸಿನಾತ್ರಾ ಹಾಡುಗಳಲ್ಲಿ ಹಿಂದಿನಿಂದ ಮ್ಯೂಟ್ ಟ್ರಂಪೆಟ್ ಚುಚ್ಚುತ್ತದಲ್ಲ, ಅದು ಎಷ್ಟೋ ಕಡೆ ಅವನೇ. ನಿಮ್ಮ ಕಾಲು ಕುಣಿದದ್ದೂ ಸರಿಯೇ. ಬೇಸಿ ತಂಡದವರಲ್ಲಿ ಬೆಳೆಸುವುದಕ್ಕಿಂತ ನಡಿಗೆ ಮುಖ್ಯ. ಬಡತ್ ಹುಡುಕಿದರೆ ಅಲ್ಲಿ ಸಿಗಲ್ಲ. ಟೆನರ್ ಸ್ಯಾಕ್ಸ್‌ನ ಸನ್ನಿ ರೋಲಿನ್ಸ್ ಕೇಳಿ, ಸಣ್ಣ ತುಣುಕೊಂದನ್ನು ಹಿಡಿದು ತಿರುಗಿಸಿ ಮುರುಗಿಸಿ ದೊಡ್ಡದು ಮಾಡುವುದರಲ್ಲಿ ಅವನಿಗೆ ಸಾಟಿ ಇಲ್ಲ.

ಒಂದನೆಯದು ಅಷ್ಟು ಎಡ ಬಲ ಒಡೆದಿದ್ದರೆ ಸ್ಟೀರಿಯೊದ ಮೊದಲ ವರ್ಷಗಳದ್ದು. ಹ್ಯಾಮಿಲ್ಟನ್ ಕಾಲಕ್ಕೆ ಹೀಗೆ ಮಾಡುವುದು ಅಪರೂಪ. ನನ್ನ ಮತ ವೆಬ್‌ಸ್ಟರ್‌ಗೆ.

ನಾಲ್ಕನೆಯದೇ ನಿಜವಾದ ಗಂಟು. ಪಾರ್ಕರ್‌ಗೂ ಉಪಾಧ್ಯಕ್ಷರಿದ್ದಾರೆ, ಮುಖ್ಯವಾಗಿ ಸನ್ನಿ ಸ್ಟಿಟ್. ಇಬ್ಬರದ್ದೂ ಅದೇ ವೇಗ, ಹೆಚ್ಚುಕಡಿಮೆ ಅದೇ ಮಾತು. ಸ್ಟಿಟ್ ಅಚ್ಚುಕಟ್ಟು. ಸಾಲುಗಳು ಸಮ ಉದ್ದ, ಆವರ್ತಕ್ಕೆ ಸರಿಯಾಗಿ ಕೂರುತ್ತವೆ. ಪಾರ್ಕರ್ ಎಲ್ಲೋ ನಡುವೆ ಶುರು ಮಾಡಿ ಎಲ್ಲೋ ನಿಲ್ಲಿಸುತ್ತಾನೆ, ಉದ್ದ ಸಾಲು, ತಕ್ಷಣ ಎರಡೇ ಸ್ವರ, ಮತ್ತೆ ಉದ್ದ. ನೀವು ಬೆರಳಲ್ಲಿ ಆವರ್ತ ಎಣಿಸುತ್ತಾ ಕೇಳಿ. ಸಮ್ (ಆವರ್ತದ ಮೊದಲ ಮಾತ್ರೆ) ಎಲ್ಲಿ ಬೀಳುತ್ತದೆ ಅಂತ ಕಾಯುವ ಅಭ್ಯಾಸ ಹೇಗೂ ಇದೆ.

ಅರ್ಧದಿಂದ ಶುರು, ಅರ್ಧಕ್ಕೆ ನಿಲ್ಲುತ್ತದೆ ಅಂದಿರಲ್ಲ, ಅದು ಕೇಳಿ ನನ್ನ ಕಿವಿ ನೆಟ್ಟಗಾಯಿತು. ಡೀನ್ ಬೆನೆಡೆಟ್ಟಿ ಅಂತ ಒಬ್ಬ ಇದ್ದ. 1947–48ರಲ್ಲಿ ಪಾರ್ಕರ್ ನುಡಿಸುವ ಕಡೆ ಯಂತ್ರ ಹೊತ್ತುಕೊಂಡು ಹೋಗಿ, ಪಾರ್ಕರ್ ಸೋಲೋ ಶುರುವಾದಾಗ ಯಂತ್ರ ಹಾಕಿ ಮುಗಿದ ತಕ್ಷಣ ಆರಿಸುತ್ತಿದ್ದ. ಉಳಿದವರು ನುಡಿಸಿದ್ದು ಅವನಿಗೆ ಬೇಕಾಗಿರಲಿಲ್ಲ. ಆ ಧ್ವನಿಮುದ್ರಣಗಳು ಹೊರಗೆ ಬಂದದ್ದು 1990ರಲ್ಲಿ. ನಿಮ್ಮದು ಅದೇ ಅಂತ ಹೇಳುತ್ತಿಲ್ಲ, ಕ್ಯಾಸೆಟ್ ಮುಗಿದುಹೋಗಿ ಕಟ್ ಆಗಿದ್ದರೂ ಹೀಗೇ ಇರುತ್ತದೆ. ಬೇರೆಯವರ ಸೋಲೋ ಸ್ವಲ್ಪವಾದರೂ ಇದೆಯಾ ನೋಡಿ.

ಪಿಬಿ_ರೋಡ್:

ಕವರ್ ಮೇಲಿನ ಹೆಸರು ಕೂಡ ನಂಬುವ ಹಾಗಿಲ್ಲ ಬಿಡಿ. 1953ರ ಮೇ 15ರಂದು ಟೊರಾಂಟೊದ ಮ್ಯಾಸಿ ಹಾಲ್‌ನಲ್ಲಿ ಪಾರ್ಕರ್ ನುಡಿಸಿದ್ದನ್ನು ರೆಕಾರ್ಡ್ ಮಾಡಿ ಮಾರಿದಾಗ, ಬೇರೆ ಕಂಪನಿಯ ಕರಾರು ಇತ್ತು ಅಂತ 'ಚಾರ್ಲಿ ಚಾನ್' ಅಂತ ಹಾಕಿದರು. ಅವತ್ತು ಅವನ ಕೈಯಲ್ಲಿ ಇದ್ದದ್ದು ಪ್ಲಾಸ್ಟಿಕ್ ಸ್ಯಾಕ್ಸ್. ಹೆಸರೂ ಬೇರೆ, ವಾದ್ಯವೂ ಬೇರೆ. ಆದರೂ ನಾಲ್ಕು ಸ್ವರ ಕೇಳಿದವರಿಗೆ ಯಾರು ಅಂತ ಗೊತ್ತಾಗುತ್ತದೆ. ಅದೇ ರೆಕಾರ್ಡಿನಲ್ಲಿ ಬಾಸ್ ಸರಿಯಾಗಿ ಬಿದ್ದಿಲ್ಲ ಅಂತ ಬಾಸ್ ನುಡಿಸಿದ್ದ ಚಾರ್ಲ್ಸ್ ಮಿಂಗಸ್ ಆಮೇಲೆ ಸ್ಟುಡಿಯೊದಲ್ಲಿ ಮತ್ತೆ ನುಡಿಸಿ ಸೇರಿಸಿದ. ಅಂದರೆ ಲೈವ್ ಅಂತ ಕೇಳುವುದರಲ್ಲೂ ಎಲ್ಲ ಲೈವ್ ಅಲ್ಲ.

ಎಡಿಸನ್ ವಿಷಯದಲ್ಲಿ ಮಾತ್ರ ನನ್ನ ತಕರಾರು ಇದೆ. ಒಂದೇ ಸ್ವರ ಬಗ್ಗಿಸುವವರು ಆ ಕಾಲದಲ್ಲಿ ಇನ್ನೂ ಇದ್ದರು. ಹಿಂದೆ ಗಿಟಾರ್ ನಾಲ್ಕೂ ಬೀಟಿಗೆ ಮೆತ್ತಗೆ ಕಡಿಯುತ್ತಾ ಇದೆಯಾ? ಇದ್ದರೆ ಬೇಸಿ ತಂಡದ ಫ್ರೆಡ್ಡಿ ಗ್ರೀನ್ ಥರದ್ದು, ಆಗ ನಾನೂ ಒಪ್ಪುತ್ತೇನೆ.

ನಿಟ್ಟುವಳ್ಳಿ_ಕೇಳುಗ:

ಎರಡನೆಯದರಲ್ಲಿ ಗಿಟಾರ್ ಇದೆ, ತುಂಬಾ ಒಳಗೆ. ಹೆಡ್‌ಫೋನ್ ಇಲ್ಲದಿದ್ದರೆ ಕೇಳಿಸಲ್ಲ. ನಾಲ್ಕನೆಯದರಲ್ಲಿ ಕೊನೆಗೆ ಟ್ರಂಪೆಟ್ ಎರಡು ಸ್ವರ ಊದುವಷ್ಟರಲ್ಲಿ ಕಟ್ ಆಗುತ್ತದೆ. ಆವರ್ತ ಎಣಿಸಿದೆ, ಸ್ಯಾಕ್ಸ್‌ನವರು ಒಮ್ಮೆಯೂ ಸಮ್‌ಗೆ ಸರಿಯಾಗಿ ಬಂದು ನಿಲ್ಲಲಿಲ್ಲ, ಆದರೆ ತಾಳ ತಪ್ಪಿದ್ದೂ ಇಲ್ಲ. ಭಾನುವಾರ ಹಿರಿಯರ ಮನೆಗೆ ಹೋಗುತ್ತೇನೆ. ವೆಬ್‌ಸ್ಟರ್, ಎಡಿಸನ್, ಜ್ಯಾಂಗೊ, ಪಾರ್ಕರ್ ಅಂತ ಬರೆದುಕೊಂಡು, ಪ್ರತಿಯೊಂದಕ್ಕೂ ಯಾಕೆ ಅಂತ ಕಾರಣ ಸಮೇತ ಹೇಳುತ್ತೇನೆ. ಅವರು ಏನಂದರು ಅಂತ ಇಲ್ಲೇ ಬರೆಯುತ್ತೇನೆ.

ಬ್ಯಾಂಡ್‌ಸೆಟ್_ಕ್ಲಾರಿನೆಟ್:

ಹೋಗುವ ಮೊದಲು ಉಳಿದ ಟ್ರ್ಯಾಕ್‌ಗಳ ಶ್ರುತಿಯನ್ನೂ ನೋಡಿಬಿಡಿ ಸರ್. ಒಂದೇ ಡೆಕ್‌ನಲ್ಲಿ ಹಾಕಿಸಿದ್ದರೆ ಪೆನ್‌ಡ್ರೈವ್ ಪೂರ್ತಿ ಅರ್ಧ ಸ್ವರ ಏರಿರುತ್ತದೆ. ಹಾಗಿದ್ದರೆ ನಿಮ್ಮ ವೆಬ್‌ಸ್ಟರ್ ಇನ್ನೂ ನಿಧಾನ, ಇನ್ನೂ ದಪ್ಪ ಆಗುತ್ತಾನೆ. ಮದುವೆ ಸೀಸನ್, ನನಗೆ ಭಾನುವಾರ ಎರಡು ಮೆರವಣಿಗೆ ಇದೆ, ರಾತ್ರಿ ಬಂದು ಓದುತ್ತೇನೆ.